ವಕ್ರರೇಖೆಯನ್ನು ನೇರಗೊಳಿಸುವ ಲಾಗರಿದಮ್

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿಯೂ ೨೦೨೧ನೆಯ ಇಸವಿಯ ಜುಲೈ ತಿಂಗಳಲ್ಲಿಯೂ ಕೊಲ್ಹಾಪುರ ಜಿಲ್ಲೆಯು ಮಹಾಪೂರಕ್ಕೆ ತುತ್ತಾದುದನ್ನು ಈ ಭಾಗದ ಜನರು ಮರೆತಿರಲಾರರು. ಆ ದಿನಗಳಲ್ಲಿ ಪತ್ರಿಕೆಯನ್ನು ತೆರೆದರೆ ಸಾಕು, ಇಂಥ ನದಿಯಲ್ಲಿ ಇಷ್ಟು ಸಾವಿರ ಕ್ಯೂಸೆಕ್ ನೀರು ಹರಿಯುತ್ತಿದೆ, ಇಂಥ ಅಣೆಕಟ್ಟಿನಿಂದ ಇಷ್ಟು ಕ್ಯೂಸೆಕ್ ನೀರನ್ನು ಹೊರಗೆ ಬಿಡಲಾಗಿದೆ ಎಂಬ ಅಂಕಿಗಳೇ ಕಣ್ಣಿಗೆ ಬೀಳುತ್ತಿದ್ದವು. ಉಕ್ಕೇರಿ ಹರಿಯುವ ಹೊಳೆಯ ನೀರನ್ನು ಕೊಳಗ ಹಿಡಿದು ಅಳೆದವರು ಯಾರು? ಯಾರೂ ಇಲ್ಲ. ಸೇತುವೆಯ ಕಂಬದ ಮೇಲೋ ದಂಡೆಯ ಕಲ್ಲಿನ ಮೇಲೋ ಬರೆದಿರುವ ಅಳತೆಪಟ್ಟಿಯಲ್ಲಿ ನೀರಿನ ಎತ್ತರವನ್ನು ನೋಡಿಕೊಂಡು, ಆ ಎತ್ತರದಿಂದ ಹರಿವಿನ ಪ್ರಮಾಣವನ್ನು ಒಂದು ಸೂತ್ರದ ಮೂಲಕ ತೆಗೆಯುತ್ತಾರೆ. ಆ ಸೂತ್ರವಾದರೋ ಆಕಾಶದಿಂದ ಇಳಿದುದಲ್ಲ. ಪೂರ ಇಲ್ಲದ ದಿನಗಳಲ್ಲಿ ಮಾಡಿದ ಕೆಲವು ಅಳತೆಗಳಿಂದ ಲಾಗರಿದಮ್ಮಿನ ಸಹಾಯದಿಂದ ಕಟ್ಟಿದುದು.

ಹಿರಣ್ಯಕೇಶಿಯ ನೀರನ್ನು ನಂಬಿ ಬಾಳುವ ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಅಂಬೋಲಿಯ ಬಳಿ ಹುಟ್ಟಿ, ಆಜರೆ, ಗಡಹಿಂಗ್ಲಜಗಳನ್ನು ಹಾಯ್ದು, ಸಂಕೇಶ್ವರದ ಕಡೆಗೆ ಇಳಿದು, ಘಟಪ್ರಭೆಯನ್ನು ಕೂಡಿ ಕೃಷ್ಣೆಗೆ ಸೇರುವ ಈ ನೀರು ಎರಡು ರಾಜ್ಯಗಳ ಲೆಕ್ಕದ ಪುಸ್ತಕಗಳಲ್ಲಿ ಬರೆಯಲ್ಪಡುವುದು. ಆ ಲೆಕ್ಕ ಹೇಗೆ ಹುಟ್ಟುವುದೆಂದು ತಿಳಿಯದಿದ್ದರೆ, ಅದನ್ನು ಎಲ್ಲಿಯ ವರೆಗೆ ನಂಬಬೇಕೆಂಬುದೂ ತಿಳಿಯದು. ನಮ್ಮ ಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಲಾಗರಿದಮ್ ಕೋಷ್ಟಕವನ್ನು ಪರೀಕ್ಷೆಯ ಗುಣಾಕಾರ ಭಾಗಾಕಾರಗಳಿಗೆ ಮಾತ್ರ ಉಪಯುಕ್ತವೆಂದು ಭಾವಿಸಿರುವುದುಂಟು. ಗುಣಾಕಾರಕ್ಕೆ ಈಗ ಎಲ್ಲರ ಕೈಯಲ್ಲಿಯೂ ಯಂತ್ರವಿದೆ. ಕೋಷ್ಟಕದ ನಿಜವಾದ ಬೆಲೆ ಬೇರೆ ಕಡೆಗಿದೆ. ಅದನ್ನು ತೋರಿಸಲು ಈ ಲೇಖನವನ್ನು ಬರೆಯಲಾಗಿದೆ.

ಲೋಕದಲ್ಲಿ ಬೆಳೆಯುವ ವಸ್ತುಗಳೆಲ್ಲ ಒಂದೇ ರೀತಿಯಲ್ಲಿ ಬೆಳೆಯುವುದಿಲ್ಲ. ದಿನಕ್ಕೊಂದು ರೂಪಾಯಿಯಂತೆ ಡಬ್ಬಿಗೆ ಹಾಕುತ್ತ ಹೋದರೆ ಹಣ ಸಮನಾಗಿ ಏರುವುದು. ಅದರ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ತೆಗೆದರೆ ನೇರವಾದ ಗೆರೆ ದೊರೆಯುವುದು. ಚಕ್ರಬಡ್ಡಿಗೆ ಇಟ್ಟ ಹಣದ ಸಂಗತಿ ಹಾಗಲ್ಲ. ನೂರಕ್ಕೆ ಹತ್ತರಂತೆ ಬಡ್ಡಿಯಾದರೆ ನೂರು ರೂಪಾಯಿ ಮೊದಲ ವರ್ಷ ೧೧೦, ಎರಡನೆಯ ವರ್ಷ ೧೨೧, ಮೂರನೆಯ ವರ್ಷ ೧೩೩ ರೂಪಾಯಿ ೧೦ ಪೈಸೆ ಆಗುವುದು. ಇಲ್ಲಿ ಕಾಲಕ್ಕೆ ಒಂದನ್ನು ಕೂಡಿದಂತೆಲ್ಲ ಹಣವನ್ನು ೧.೧ರಿಂದ ಗುಣಿಸಬೇಕಾಗುತ್ತದೆ. ಒಂದು ಕಡೆ ಸಂಕಲನ, ಇನ್ನೊಂದು ಕಡೆ ಗುಣಾಕಾರ. ಇದನ್ನು ಘಾತೀಯ ಬೆಳವಣಿಗೆ ಎನ್ನುವರು.

ಮೂರನೆಯ ಬಗೆಯೊಂದಿದೆ. ಚೌಕಾಕಾರದ ಹೊಲದ ಬದಿಯನ್ನು ಇಮ್ಮಡಿಗೊಳಿಸಿದರೆ ಹೊಲ ನಾಲ್ಮಡಿಯಾಗುವುದು. ಘನಾಕಾರದ ತೊಟ್ಟಿಯ ಬದಿಯನ್ನು ಇಮ್ಮಡಿಗೊಳಿಸಿದರೆ ಅದರಲ್ಲಿ ಹಿಡಿಯುವ ನೀರು ಎಂಟುಮಡಿಯಾಗುವುದು. ಇಲ್ಲಿ ಎರಡು ಕಡೆಗೂ ಗುಣಾಕಾರವೇ. ಕಾರಣವನ್ನು ಗುಣಿಸಿದಾಗ ಫಲವೂ ಗುಣಿಸಲ್ಪಡುವುದು, ಆದರೆ ಬೇರೆ ಪ್ರಮಾಣದಲ್ಲಿ. ಹೊಲಕ್ಕೆ ಘಾತಾಂಕ ೨, ತೊಟ್ಟಿಗೆ ೩. ಇದು ಘಾತನಿಯಮ. ಹೆಸರುಗಳು ಒಂದನ್ನೊಂದು ಹೋಲುವುದರಿಂದ ವಿದ್ಯಾರ್ಥಿಗಳು ಎರಡನ್ನೂ ಬೆರೆಸಿಬಿಡುವುದು ಸಾಮಾನ್ಯ. ಘಾತೀಯ ಬೆಳವಣಿಗೆಯಲ್ಲಿ ಕಾಲವು ಘಾತಾಂಕದ ಸ್ಥಾನದಲ್ಲಿ ಕುಳಿತಿರುತ್ತದೆ. ಘಾತನಿಯಮದಲ್ಲಿ ಘಾತಾಂಕವು ಸ್ಥಿರವಾಗಿದ್ದು ಅದರ ಕೆಳಗಿನ ಸಂಖ್ಯೆ ಬದಲಾಗುತ್ತಿರುತ್ತದೆ. ಚೌಕುಳಿ ಕಾಗದದ ಮೇಲೆ ಎರಡೂ ಮೇಲಕ್ಕೆ ಬಾಗಿದ ವಕ್ರರೇಖೆಗಳಾಗಿಯೇ ಕಾಣುವುವು. ಬಾಗಿದ ಗೆರೆಯನ್ನು ನೋಡಿ ಇದು ಚಕ್ರಬಡ್ಡಿಯ ಜಾತಿಯದೋ ತೊಟ್ಟಿಯ ಜಾತಿಯದೋ ಎಂದು ಹೇಳುವುದು ನುರಿತ ಕಣ್ಣಿಗೂ ಕಷ್ಟ. ನೇರವಾದ ಗೆರೆಯನ್ನಾದರೋ ಮಗುವೂ ಗುರುತಿಸುವುದು. ಆದುದರಿಂದ ಬಾಗಿದುದನ್ನು ನೇರಗೊಳಿಸುವ ಉಪಾಯವೊಂದು ಬೇಕು.

ಗುಣಾಕಾರವನ್ನು ಸಂಕಲನವನ್ನಾಗಿ ಮಾರ್ಪಡಿಸುವುದೇ ಲಾಗರಿದಮ್ಮಿನ ಸ್ವಭಾವವಾಗಿರುವುದರಿಂದ ಆ ಉಪಾಯ ನಮಗೆ ಸಿದ್ಧವಾಗಿಯೇ ದೊರೆಯುತ್ತದೆ. ಸ್ಕಾಟ್ಲೆಂಡಿನ ಜಾನ್ ನೇಪಿಯರನು ತನ್ನ ಕೋಷ್ಟಕವನ್ನು ೧೬೧೪ರಲ್ಲಿ ಪ್ರಕಟಿಸಿದನು. ಹತ್ತನ್ನು ಆಧಾರವಾಗಿಟ್ಟುಕೊಂಡ, ನಾವು ಶಾಲೆಯಲ್ಲಿ ಬಳಸುವ ಬಗೆಯ ಕೋಷ್ಟಕವನ್ನು ಹೆನ್ರಿ ಬ್ರಿಗ್ಸನು ೧೬೧೭ರಲ್ಲಿ ಸಣ್ಣದಾಗಿಯೂ ೧೬೨೪ರಲ್ಲಿ ವಿಸ್ತಾರವಾಗಿಯೂ ಹೊರತಂದನು. ಈ ಸಂದರ್ಭದಲ್ಲಿ ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದುಂಟು. ಸುಮಾರು ೧೨೦೦ ವರ್ಷಗಳ ಹಿಂದೆ ವೀರಸೇನಾಚಾರ್ಯರು ರಚಿಸಿದ 'ಧವಲಾ' ಟೀಕೆಯಲ್ಲಿ 'ಅರ್ಧಚ್ಛೇದ' ಎಂಬ ಕಲ್ಪನೆ ಬಂದಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುವುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. ೩೨ನ್ನು ಐದು ಸಲ ಅರ್ಧಿಸಬಹುದು, ೮ನ್ನು ಮೂರು ಸಲ. ಅವೆರಡರ ಗುಣಲಬ್ಧವಾದ ೨೫೬ನ್ನು ಎಂಟು ಸಲ. ಐದು ಮೂರು ಕೂಡಿದರೆ ಎಂಟು! ಎರಡನ್ನು ಆಧಾರವಾಗಿ ಹಿಡಿದ ಲಾಗರಿದಮ್ಮೇ ಇದು. ಈ ಗ್ರಂಥದ ತಾಳೆಗರಿಯ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದು ನಮ್ಮ ಮೂಡುಬಿದಿರೆ. ಅವುಗಳ ಲಿಪಿ ಹಳಗನ್ನಡದ್ದು. ಎಲ್ಲ ಸಂಖ್ಯೆಗಳಿಗೂ ಕೋಷ್ಟಕವನ್ನು ಕಟ್ಟಿ ವ್ಯವಹಾರಕ್ಕೆ ಒದಗಿಸಿದ ಕೀರ್ತಿ ನೇಪಿಯರ್, ಬ್ರಿಗ್ಸರದೇ ಆದರೂ ಕಲ್ಪನೆಯ ಬೇರು ನಮ್ಮ ನೆಲದಲ್ಲಿಯೂ ಇತ್ತೆಂದು ತಿಳಿದಿರುವುದು ಒಳ್ಳೆಯದು.

ಈಗ ನಮ್ಮ ಎರಡು ಬಗೆಯ ಬೆಳವಣಿಗೆಗಳಿಗೆ ಲಾಗರಿದಮ್ಮನ್ನು ಅನ್ವಯಿಸೋಣ. ಚಕ್ರಬಡ್ಡಿಯ ಲೆಕ್ಕದಲ್ಲಿ ಮೂಲಧನವನ್ನು ಗುಣಕದಿಂದ ಮತ್ತೆ ಮತ್ತೆ ಗುಣಿಸುತ್ತೇವೆ; ಎಷ್ಟು ವರ್ಷವೋ ಅಷ್ಟು ಸಲ. ಲಾಗ್ ತೆಗೆದುಕೊಂಡರೆ ಗುಣಾಕಾರವೆಲ್ಲ ಸಂಕಲನವಾಗಿ,

ಲಾಗ್ ಫಲ = ಲಾಗ್ ಮೂಲ + ಕಾಲ × ಲಾಗ್ ಗುಣಕ

ಎಂದಾಗುವುದು. ಅಡ್ಡಸಾಲಿನಲ್ಲಿ ಕಾಲವನ್ನೂ ನೆಟ್ಟಸಾಲಿನಲ್ಲಿ ಫಲದ ಲಾಗನ್ನೂ ಗುರುತಿಸಿದರೆ ನೇರವಾದ ಗೆರೆ ಬರಲೇಬೇಕು. ಅಡ್ಡಕ್ಕೆ ಒಂದು ಹೆಜ್ಜೆ ಸರಿದಾಗ ಗೆರೆ ಮೇಲಕ್ಕೆ ಎಷ್ಟು ಹೋಗುವುದೋ ಅದನ್ನು ಗೆರೆಯ ಏರು ಎನ್ನೋಣ. ಆ ಏರೇ ಗುಣಕದ ಲಾಗ್. ಘಾತನಿಯಮದಲ್ಲಿಯಾದರೋ,

ಲಾಗ್ ಫಲ = ಲಾಗ್ ಸ್ಥಿರಾಂಕ + ಘಾತಾಂಕ × ಲಾಗ್ ಕಾರಣ

ಎಂದು ಬರುವುದು. ಇಲ್ಲಿ ಎರಡು ಕಡೆಗೂ ಲಾಗನ್ನೇ ಗುರುತಿಸಬೇಕು. ಆಗ ದೊರೆಯುವ ಗೆರೆಯ ಏರೇ ಘಾತಾಂಕ. ಹೀಗೆ ಒಂದು ಕಡೆ ಮಾತ್ರ ಲಾಗ್ ಹಾಕಿದಾಗ ಗೆರೆ ನೇರವಾದರೆ ಚಕ್ರಬಡ್ಡಿಯ ಜಾತಿ, ಎರಡೂ ಕಡೆ ಹಾಕಿದಾಗ ನೇರವಾದರೆ ತೊಟ್ಟಿಯ ಜಾತಿ. ಯಾವುದರಲ್ಲಿಯೂ ನೇರವಾಗದಿದ್ದರೆ ನಮ್ಮ ವಸ್ತು ಈ ಎರಡು ಮನೆತನಗಳಿಗೂ ಸೇರಿದುದಲ್ಲ.

ನಿಜವಾದ ಅಂಕಿಗಳನ್ನು ಹಿಡಿದು ನೋಡದೆ ಇದು ಮನಸ್ಸಿಗೆ ನಾಟದು. ಈಗಿನ ಕರ್ನಾಟಕದ ಎಲ್ಲೆಗೆ ಹೊಂದಿಸಿದ ಜನಗಣತಿಯ ಅಂಕಿಗಳನ್ನು ತೆಗೆದುಕೊಳ್ಳೋಣ. ೧೯೫೧ರಲ್ಲಿ ೧೯೪.೦೨ ಲಕ್ಷ, ೧೯೬೧ರಲ್ಲಿ ೨೩೫.೮೭ ಲಕ್ಷ, ೧೯೭೧ರಲ್ಲಿ ೨೯೨.೯೯ ಲಕ್ಷ, ೧೯೮೧ರಲ್ಲಿ ೩೭೧.೩೬ ಲಕ್ಷ ಜನರಿದ್ದರು. ಒಂದೊಂದು ದಶಕದಲ್ಲಿ ಹೆಚ್ಚಿದವರು ಕ್ರಮವಾಗಿ ಸುಮಾರು ೪೨ ಲಕ್ಷ, ೫೭ ಲಕ್ಷ, ೭೮ ಲಕ್ಷ. ಹೆಚ್ಚಳವೇ ಹೆಚ್ಚುತ್ತಿರುವುದರಿಂದ ಇದು ಡಬ್ಬಿಯ ಹಣದ ರೀತಿಯಲ್ಲವೆಂಬುದು ಸ್ಪಷ್ಟ. ಕೋಷ್ಟಕದಿಂದ ಲಾಗ್ ತೆಗೆದರೆ ೨.೨೮೭೮, ೨.೩೭೨೭, ೨.೪೬೬೯, ೨.೫೬೯೮ ಎಂದು ಬರುವುದು. ಇವುಗಳ ಅಂತರಗಳು ೦.೦೮೪೯, ೦.೦೯೪೨, ೦.೧೦೨೯. ಪೂರ್ತಿ ಸಮವಲ್ಲ, ಆದರೆ ನಾಲ್ಕು ಬಿಂದುಗಳನ್ನು ಕಾಗದದ ಮೇಲಿಟ್ಟರೆ ಅಳತೆಪಟ್ಟಿಯ ಅಂಚಿಗೆ ಬಹುಮಟ್ಟಿಗೆ ಹೊಂದಿ ನಿಲ್ಲುವುವು.

ಬಿಂದುಗಳ ನಡುವೆ ಗೆರೆಯನ್ನು ಕಣ್ಣಳತೆಯಿಂದ ಎಳೆಯಬಹುದು. ಆದರೆ ಇಬ್ಬರು ಎಳೆದರೆ ಎರಡು ಗೆರೆಗಳಾಗುವುವು. ಆದುದರಿಂದ ಗಣಿತಜ್ಞರು ಕನಿಷ್ಠ ವರ್ಗಗಳ ವಿಧಾನವನ್ನು ಬಳಸುವರು. ಪ್ರತಿಯೊಂದು ಬಿಂದುವೂ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆಯೆಂದು ನೋಡಿ, ಆ ದೂರಗಳ ವರ್ಗಗಳ ಮೊತ್ತ ಎಲ್ಲಕ್ಕಿಂತ ಕಡಿಮೆಯಾಗುವ ಗೆರೆಯೊಂದನ್ನೇ ಆರಿಸಿಕೊಳ್ಳುವುದು ಇದರ ತಿರುಳು. ಸಮಾನ ಅಂತರದ ನಾಲ್ಕು ಬಿಂದುಗಳಿಗೆ ಇದರ ಲೆಕ್ಕ ಬಾಯಿಲೆಕ್ಕದಷ್ಟೇ ಸುಲಭ. ಕೊನೆಯದರಲ್ಲಿ ಮೊದಲನೆಯದನ್ನು ಕಳೆದು ಮೂರರಿಂದ ಗುಣಿಸಬೇಕು. ಮೂರನೆಯದರಲ್ಲಿ ಎರಡನೆಯದನ್ನು ಕಳೆದು ಅದಕ್ಕೆ ಕೂಡಿಸಬೇಕು. ಬಂದುದನ್ನು ಹತ್ತರಿಂದ ಭಾಗಿಸಬೇಕು. ನಮ್ಮ ಅಂಕಿಗಳಲ್ಲಿ ೦.೨೮೨೦ರ ಮೂರರಷ್ಟು ೦.೮೪೬೦, ಅದಕ್ಕೆ ೦.೦೯೪೨ನ್ನು ಕೂಡಿಸಿದರೆ ೦.೯೪೦೨; ಹತ್ತರಿಂದ ಭಾಗಿಸಿದರೆ ೦.೦೯೪೦೨. ಇದೇ ದಶಕಕ್ಕೆ ಗೆರೆಯ ಏರು. ಆಂಟಿಲಾಗ್ ನೋಡಿದರೆ ಗುಣಕ ೧.೨೪೨, ಎಂದರೆ ದಶಕಕ್ಕೆ ನೂರಕ್ಕೆ ೨೪ರಷ್ಟು, ವರ್ಷಕ್ಕೆ ನೂರಕ್ಕೆ ೨.೨ರಷ್ಟು ಬೆಳವಣಿಗೆ. ಇಮ್ಮಡಿಯಾಗಲು ಎಷ್ಟು ಕಾಲ ಬೇಕೆಂಬುದೂ ಕೂಡಲೇ ತಿಳಿಯುವುದು: ಎರಡರ ಲಾಗಾದ ೦.೩೦೧೦ನ್ನು ವರ್ಷದ ಏರಾದ ೦.೦೦೯೪೦ರಿಂದ ಭಾಗಿಸಿದರೆ ೩೨ ವರ್ಷ. ಗೆರೆಯು ನಾಲ್ಕು ಲಾಗುಗಳ ಸರಾಸರಿಯಾದ ೨.೪೨೪೩ರ ಮೂಲಕ, ನಡುವಿನ ವರ್ಷವಾದ ೧೯೬೬ರಲ್ಲಿ ಹಾಯುವುದು. ಇಷ್ಟು ತಿಳಿದರೆ ಯಾವ ವರ್ಷದ ಜನಸಂಖ್ಯೆಯನ್ನಾದರೂ ಆ ಗೆರೆಯಿಂದ ಓದಬಹುದು.

ಓದಬಹುದು, ದಿಟ. ನಂಬಬಹುದೇ? ೧೯೮೧ರ ಗಣತಿಯ ಅಂಕಿಗಳು ಕೈಗೆ ಬಂದ ಮೇಲೆ ಒಬ್ಬನು ಈ ಗೆರೆಯನ್ನು ಮುಂದಕ್ಕೆ ಎಳೆದಿದ್ದನೆಂದು ಇಟ್ಟುಕೊಳ್ಳೋಣ. ೧೯೯೧ಕ್ಕೆ ಗೆರೆ ಹೇಳುವುದು ೪೫೬.೪ ಲಕ್ಷ, ಗಣತಿಯಲ್ಲಿ ಕಂಡುದು ೪೪೯.೮ ಲಕ್ಷ. ಭೇಷ್ ಎನ್ನಬೇಕು. ೨೦೦೧ಕ್ಕೆ ಗೆರೆಯ ಮಾತು ೫೬೬.೭ ಲಕ್ಷ, ಕಂಡುದು ೫೨೮.೫ ಲಕ್ಷ. ೨೦೧೧ಕ್ಕೆ ಗೆರೆಯ ಮಾತು ೭೦೩.೭ ಲಕ್ಷ, ಕಂಡುದು ೬೧೦.೯೫ ಲಕ್ಷ. ತೊಂಬತ್ತೆರಡು ಲಕ್ಷಕ್ಕೂ ಮಿಕ್ಕಿದ ಜನರನ್ನು ಗೆರೆಯು ಕಾಗದದ ಮೇಲೆ ಹುಟ್ಟಿಸಿಬಿಟ್ಟಿತು! ಹುಟ್ಟದಿದ್ದ ಮಕ್ಕಳಿಗೆ ಶಾಲೆಯ ಕೋಣೆಗಳನ್ನೂ ಇಲ್ಲದ ಬಾಯಿಗಳಿಗೆ ಧಾನ್ಯವನ್ನೂ ಗೊತ್ತುಮಾಡುವ ಯೋಜನೆ ಇಂಥ ಗೆರೆಯಿಂದ ಹುಟ್ಟಬಹುದು.

ಗೆರೆ ತಪ್ಪುವುದೆಂಬ ಸೂಚನೆ ಮೊದಲೇ ಇತ್ತೇ? ಇತ್ತು, ಆದರೆ ಅದು ವಿಚಿತ್ರವಾದ ಸೂಚನೆ. ನಾಲ್ಕು ಬಿಂದುಗಳು ಗೆರೆಯಿಂದ ಎಷ್ಟು ಸರಿದಿವೆಯೆಂದು ಲೆಕ್ಕ ಹಾಕಿದರೆ ಮೊದಲನೆಯದು ೦.೦೦೪೫ರಷ್ಟು ಮೇಲೆ, ಎರಡನೆಯದು ೦.೦೦೪೬ರಷ್ಟು ಕೆಳಗೆ, ಮೂರನೆಯದು ೦.೦೦೪೪ರಷ್ಟು ಕೆಳಗೆ, ನಾಲ್ಕನೆಯದು ೦.೦೦೪೫ರಷ್ಟು ಮೇಲೆ. ಮೇಲೆ, ಕೆಳಗೆ, ಕೆಳಗೆ, ಮೇಲೆ ಎಂಬ ಈ ಕ್ರಮವನ್ನು ಲಕ್ಷ್ಯವಿಟ್ಟು ನೋಡಬೇಕು. ಅಳತೆಯಲ್ಲಿನ ಆಕಸ್ಮಿಕ ದೋಷಗಳಿಂದ ಬಿಂದುಗಳು ಚದರಿದ್ದರೆ ಮೇಲೆ ಕೆಳಗೆ ಎಂಬುದಕ್ಕೆ ಒಂದು ಕ್ರಮವಿರದು. ತುದಿಗಳೆರಡೂ ಮೇಲೆ, ನಡುವಿನವೆರಡೂ ಕೆಳಗೆ ಇದ್ದರೆ ಲಾಗ್ ತೆಗೆದ ಮೇಲೂ ಗೆರೆಯಲ್ಲಿ ಬಾಗು ಉಳಿದಿದೆ ಎಂದರ್ಥ. ಆ ಮೂವತ್ತು ವರ್ಷಗಳಲ್ಲಿ ಬೆಳವಣಿಗೆಯ ದರವೇ ಏರುತ್ತಿತ್ತು. ರೋಗರುಜಿನಗಳ ಸಾವು ಇಳಿಯುತ್ತಿತ್ತು, ಜನನ ಅಷ್ಟು ಬೇಗ ಇಳಿದಿರಲಿಲ್ಲ. ೧೯೭೧ರಿಂದ ೧೯೮೧ರ ವರೆಗೆ ನೂರಕ್ಕೆ ೨೬.೭೫ರಷ್ಟಿದ್ದ ಹೆಚ್ಚಳ ಅನಂತರ ಜನನವೂ ಇಳಿದುದರಿಂದ ೨೦೦೧ರಿಂದ ೨೦೧೧ರ ವರೆಗೆ ೧೫.೬೦ಕ್ಕೆ ಬಂದಿತು. ಬಾಗನ್ನು ಗುರುತಿಸಿ ಅದನ್ನೂ ಸೇರಿಸಿ ಗೆರೆಯನ್ನು ಮೇಲ್ಮುಖವಾಗಿ ಬಗ್ಗಿಸಿದ್ದ ಬುದ್ಧಿವಂತನ ಲೆಕ್ಕ ನೇರಗೆರೆಯವನ ಲೆಕ್ಕಕ್ಕಿಂತಲೂ ಹೆಚ್ಚು ತಪ್ಪುತ್ತಿತ್ತೆಂಬುದು ಇಲ್ಲಿಯ ಸ್ವಾರಸ್ಯ. ಅಂಕಿಗಳ ಒಳಗಿರುವುದನ್ನು ಲಾಗರಿದಮ್ ತೋರಿಸಬಲ್ಲುದು; ಮನೆಮನೆಗಳಲ್ಲಿ ತಾಯಂದಿರು ಮುಂದೆ ಮಾಡಲಿರುವ ನಿರ್ಧಾರಗಳು ಆ ಅಂಕಿಗಳ ಒಳಗೆ ಇರಲಿಲ್ಲ.

೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿಯು ಸಾಂಕ್ರಾಮಿಕ ರೋಗದ ನಿಮಿತ್ತ ಮುಂದೂಡಲ್ಪಟ್ಟುದರಿಂದ ಈ ಪ್ರಶ್ನೆಗೆ ತೂಕ ಬಂದಿದೆ. ೨೦೧೩ರ ಆಹಾರ ಭದ್ರತಾ ಕಾಯಿದೆಯ ಫಲಾನುಭವಿಗಳ ಸಂಖ್ಯೆಯನ್ನು ಗೊತ್ತುಪಡಿಸಿದುದು ೨೦೧೧ರ ಗಣತಿಯ ಮೇಲೆ. ಹಳೆಯ ಅಂಕಿಯನ್ನೇ ಹಿಡಿದರೆ ಹೊಸ ಬಾಯಿಗಳು ಲೆಕ್ಕಕ್ಕೆ ಸಿಗವು. ಗೆರೆಯನ್ನು ಮುಂದೆಳೆದರೆ ಎಷ್ಟು ತಪ್ಪುವೆವೆಂಬುದನ್ನು ಈಗ ನೋಡಿದೆವು. ಒಂದು ಪ್ರದೇಶದ ಗೆರೆಯನ್ನು ಇನ್ನೊಂದಕ್ಕೆ ಹಚ್ಚುವುದೂ ಸಲ್ಲದು. ಕರ್ನಾಟಕ, ಮಹಾರಾಷ್ಟ್ರಗಳೆರಡೂ ನೂರಕ್ಕೆ ಸುಮಾರು ೧೬ರಷ್ಟು ಬೆಳೆದ ಆ ದಶಕದಲ್ಲಿಯೇ ನಮ್ಮ ಕೊಲ್ಹಾಪುರ ಜಿಲ್ಲೆಯು ೩೫.೨೩ ಲಕ್ಷದಿಂದ ೩೮.೭೬ ಲಕ್ಷಕ್ಕೆ, ಎಂದರೆ ನೂರಕ್ಕೆ ಹತ್ತರಷ್ಟು ಮಾತ್ರ ಬೆಳೆಯಿತು.

ಹಾಗಾದರೆ ಗೆರೆಯನ್ನು ಮುಂದಕ್ಕೆ ಎಳೆಯುವುದೇ ತಪ್ಪೇ ಎಂದು ವಾಚಕರು ಕೇಳಬಹುದು. ಅಲ್ಲ. ಮುಂದೆಳೆದ ಗೆರೆಯು ಅದ್ಭುತವಾಗಿ ಸರಿಯಾದ ಉದಾಹರಣೆಯೊಂದು ಖಗೋಳಶಾಸ್ತ್ರದಲ್ಲಿದೆ, ಅದು ಘಾತನಿಯಮದ್ದು. ಭೂಮಿಯು ಸೂರ್ಯನಿಂದ ಇರುವ ದೂರವನ್ನು ಒಂದೆಂದು ಹಿಡಿದರೆ ಮಂಗಳನ ದೂರ ೧.೫೨೪, ಗುರುವಿನದು ೫.೨೦೩, ಶನಿಯದು ೯.೫೪. ಸೂರ್ಯನನ್ನು ಒಮ್ಮೆ ಸುತ್ತಿಬರಲು ಮಂಗಳನಿಗೆ ೧.೮೮೧ ವರ್ಷ, ಗುರುವಿಗೆ ೧೧.೮೬ ವರ್ಷ, ಶನಿಗೆ ೨೯.೪೬ ವರ್ಷ ಬೇಕು. ದೂರಗಳ ಲಾಗುಗಳು ೦.೧೮೩೦, ೦.೭೧೬೩, ೦.೯೭೯೫, ಕಾಲಗಳ ಲಾಗುಗಳು ೦.೨೭೪೪, ೧.೦೭೪೧, ೧.೪೬೯೨. ಎರಡನೆಯ ಸಾಲನ್ನು ಮೊದಲನೆಯದರಿಂದ ಒಂದೊಂದಾಗಿ ಭಾಗಿಸಿ ನೋಡಿರಿ. ಪ್ರತಿಸಲವೂ ಒಂದೂವರೆಯೇ ಬರುವುದು! ಭೂಮಿಗೆ ದೂರವೂ ಕಾಲವೂ ಒಂದಾದುದರಿಂದ ಎರಡರ ಲಾಗೂ ಸೊನ್ನೆ; ಗೆರೆಯು ಮೂಲಬಿಂದುವಿನ ಮೂಲಕವೇ ಹಾಯುವುದು. ಕಾಲವು ದೂರದ ಒಂದೂವರೆ ಘಾತ ಎಂಬ ಈ ನಿಯಮವನ್ನು ಯೋಹಾನೆಸ್ ಕೆಪ್ಲರನು ೧೬೧೮ರಲ್ಲಿ ಕಂಡುಹಿಡಿದು ೧೬೧೯ರಲ್ಲಿ ಪ್ರಕಟಿಸಿದನು. ೧೬೨೪ರಲ್ಲಿ ಅವನು ತನ್ನದೇ ಆದ ಲಾಗರಿದಮ್ ಕೋಷ್ಟಕವನ್ನೂ ಪ್ರಕಟಿಸಿದನು.

ಕೆಪ್ಲರನಿಗೆ ಶನಿಯಾಚೆಗೆ ಗ್ರಹಗಳಿವೆಯೆಂಬುದು ತಿಳಿಯದು. ಯುರೇನಸ್ ೧೭೮೧ರಲ್ಲಿಯೂ ನೆಪ್ಚೂನ್ ೧೮೪೬ರಲ್ಲಿಯೂ ಕಂಡವು. ಯುರೇನಸ್ಸಿನ ದೂರ ೧೯.೧೯; ಅದರ ಲಾಗ್ ೧.೨೮೩೧, ಒಂದೂವರೆಯಿಂದ ಗುಣಿಸಿದರೆ ೧.೯೨೪೬, ಆಂಟಿಲಾಗ್ ೮೪. ಯುರೇನಸ್ ಸೂರ್ಯನನ್ನು ಸುತ್ತುವುದು ೮೪ ವರ್ಷಗಳಿಗೊಮ್ಮೆಯೇ. ಶನಿಯ ಇಮ್ಮಡಿ ದೂರದಲ್ಲಿಯೂ, ನೆಪ್ಚೂನಿನ ಮುಮ್ಮಡಿ ದೂರದಲ್ಲಿಯೂ ಗೆರೆ ಬಾಗಲಿಲ್ಲ. ಜನಸಂಖ್ಯೆಯ ಗೆರೆ ಮೂವತ್ತು ವರ್ಷಗಳಲ್ಲಿ ಸೋತಿತು, ಗ್ರಹಗಳ ಗೆರೆ ಕೋಟ್ಯಂತರ ಮೈಲಿ ನಿಂತಿತು. ಈ ಭೇದಕ್ಕೆ ಕಾರಣ ಬಿಂದುಗಳು ಗೆರೆಗೆ ಎಷ್ಟು ಹತ್ತಿರವಿದ್ದವೆಂಬುದು ಮಾತ್ರವಲ್ಲ. ಗ್ರಹಗಳ ಗೆರೆಯ ಹಿಂದೆ ಗುರುತ್ವಾಕರ್ಷಣೆಯಿದೆ; ಆ ಒಂದೂವರೆ ಎಲ್ಲಿಂದ ಬಂದಿತೆಂಬುದನ್ನು ನ್ಯೂಟನ್ನನು ೧೬೮೭ರಲ್ಲಿ ಸಾಧಿಸಿ ತೋರಿಸಿದನು. ಗೆರೆಗೆ ಮುಂದೆ ಹೋಗುವ ಅಧಿಕಾರವನ್ನು ಕೊಡುವುದು ಅದರ ಹಿಂದಿರುವ ಕಾರಣ. ಕಾಗದದ ಮೇಲಿನ ನೇರತನವಲ್ಲ.

ಈಗ ಹೊಳೆಗೆ ಬರೋಣ. ಇಲ್ಲಿ ಕಾರಣವೂ ಇದೆ, ಅದರ ಎಲ್ಲೆಯೂ ಇದೆ. ಸಣ್ಣ ಕಾಲುವೆಯ ನೀರನ್ನು ಅಳೆಯಲು ತಗಡಿನ ಹಲಗೆಯಲ್ಲಿ ಕೆಳಮುಖವಾದ ಮುಕ್ಕೋನದ ಕಚ್ಚನ್ನು ಲಂಬಕೋನದಲ್ಲಿ ಕತ್ತರಿಸಿ ಅಡ್ಡಲಾಗಿ ನಿಲ್ಲಿಸುವ ಪದ್ಧತಿಯುಂಟು. ಲಾರ್ಡ್ ಕೆಲ್ವಿನ್ನರ ಅಣ್ಣನಾದ ಜೇಮ್ಸ್ ಥಾಮ್ಸನ್ನನು ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಪ್ರಯೋಗಗಳಿಂದ ಪರೀಕ್ಷಿಸಿದನು. ಕಚ್ಚಿನ ತುದಿಯಿಂದ ನೀರು ೧೦ ಸೆಂಟಿಮೀಟರ್ ಎತ್ತರ ನಿಂತರೆ ಸೆಕೆಂಡಿಗೆ ಸುಮಾರು ೪.೪ ಲೀಟರ್ ಹರಿಯುವುದು. ೨೦ ಸೆಂಟಿಮೀಟರ್ ನಿಂತರೆ ಸುಮಾರು ೨೪.೭ ಲೀಟರ್. ಈ ಹರಿವುಗಳ ಲಾಗುಗಳ ಅಂತರವನ್ನು ಎರಡರ ಲಾಗಿನಿಂದ ಭಾಗಿಸಿದರೆ ಎರಡೂವರೆ ಬರುವುದು. ಏಕೆ ಎರಡೂವರೆ? ಎತ್ತರ ಇಮ್ಮಡಿಯಾದರೆ ಮುಕ್ಕೋನದ ಕ್ಷೇತ್ರಫಲ ನಾಲ್ಮಡಿಯಾಗುವುದು. ಅದು ಎರಡನೆಯ ಘಾತ. ಮೇಲಿನಿಂದ ಬೀಳುವ ನೀರಿನ ವೇಗವು ಎತ್ತರದ ವರ್ಗಮೂಲದಂತೆ ಹೆಚ್ಚುವುದು. ಅದು ಅರ್ಧ ಘಾತ. ಎರಡನ್ನು ಗುಣಿಸುವಲ್ಲಿ ಘಾತಾಂಕಗಳು ಕೂಡಿ ಎರಡೂವರೆ. ಪಾಳಿಯ ನೀರನ್ನು ಹಂಚಿಕೊಳ್ಳುವ ರೈತರಿಗೆ ಇದರಲ್ಲಿ ದೊಡ್ಡ ಮಾತಿದೆ. ಕಚ್ಚಿನಲ್ಲಿ ಅರ್ಧ ಎತ್ತರ ನೀರು ನಿಂತರೆ ಅರ್ಧ ಪಾಲು ಬಂದಿತೆಂದು ತಿಳಿಯುವವನಿಗೆ ವಾಸ್ತವದಲ್ಲಿ ಸಿಕ್ಕುವುದು ಆರನೆಯ ಒಂದು ಪಾಲಿಗಿಂತ ಕಿಂಚಿತ್ತು ಹೆಚ್ಚು!

ದೊಡ್ಡ ಹೊಳೆಗೆ ಕಚ್ಚನ್ನು ಕತ್ತರಿಸಲಾಗದು. ಮಳೆ ಮುಗಿದ ಮೇಲೆ ಕಂಬಗಳ ನಡುವೆ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುವ, ಮುಂಗಾರಿಗೆ ಮೊದಲು ಅವನ್ನು ತೆಗೆದುಬಿಡುವ ನಮ್ಮ ಕೊಲ್ಹಾಪುರ ಮಾದರಿಯ ಬಂಧಾರಗಳಿರುವಲ್ಲಿ ಬೇಸಿಗೆಯ ಎತ್ತರಕ್ಕೂ ಹರಿವಿಗೂ ಸಂಬಂಧವೇ ಉಳಿಯದು. ಹಲಗೆಗಳಿಲ್ಲದ ಕಾಲದಲ್ಲಿ, ತಡೆಯಿಲ್ಲದ ಸ್ಥಳವೊಂದರಲ್ಲಿ, ಬೇರೆ ಬೇರೆ ಎತ್ತರಗಳಲ್ಲಿ ವೇಗಮಾಪಕವನ್ನು ನೀರಿಗೆ ಇಳಿಸಿ, ಹೊಳೆಯ ಅಗಲ ಆಳಗಳನ್ನು ಅಳೆದು, ಹರಿವನ್ನು ಗೊತ್ತುಮಾಡುವರು. ಎತ್ತರ, ಹರಿವುಗಳ ಲಾಗುಗಳನ್ನು ಗುರುತಿಸಿ ಗೆರೆ ಎಳೆಯುವರು. ಆಮೇಲೆ ದಿನವೂ ಎತ್ತರವನ್ನು ಓದಿದರೆ ಸಾಕು. ಇಲ್ಲೊಂದು ಎಚ್ಚರವಿರಬೇಕು. ಅಳತೆಪಟ್ಟಿಯ ಸೊನ್ನೆಯೂ ಹರಿವಿನ ಸೊನ್ನೆಯೂ ಒಂದೇ ಸ್ಥಳದಲ್ಲಿರುವುದಿಲ್ಲ. ಪಟ್ಟಿಯಲ್ಲಿ ಒಂದು ಮೀಟರ್ ತೋರಿಸುವಾಗಲೇ ಹರಿವು ನಿಂತುಹೋಗುವುದಾದರೆ ಎಲ್ಲ ಎತ್ತರಗಳಿಂದಲೂ ಆ ಒಂದು ಮೀಟರನ್ನು ಮೊದಲು ಕಳೆದು, ಬಳಿಕ ಲಾಗ್ ತೆಗೆಯಬೇಕು. ಕಳೆಯದಿದ್ದರೆ ಘಾತನಿಯಮವು ಸರಿಯಾಗಿದ್ದರೂ ಗೆರೆ ಬಾಗಿಯೇ ಕಾಣುವುದು.

ಇನ್ನು ಮಹಾಪೂರ. ಹೊಳೆ ತುಂಬಿ ಮೊರೆಯುವಾಗ ವೇಗಮಾಪಕವನ್ನು ಹಿಡಿದು ದೋಣಿಯಲ್ಲಿ ಹೋಗುವುದು ಪ್ರಾಣಕ್ಕೆ ಅಪಾಯ. ಆದುದರಿಂದ ಅಳತೆಯ ಬಿಂದುಗಳು ಸಾಮಾನ್ಯವಾಗಿ ಕೆಳಗಿನ ಎತ್ತರಗಳಲ್ಲಿಯೇ ಇರುವುವು. ಪೂರದ ದಿನದ ಅಂಕಿಯನ್ನು ಮುಂದೆಳೆದ ಗೆರೆಯಿಂದ ಓದಬೇಕಾಗುವುದು. ನೀರು ದಂಡೆಗಳ ನಡುವೆ ಇರುವ ವರೆಗೆ ಗೆರೆಯ ಹಿಂದಿನ ಕಾರಣ ಬದಲಾಗದು. ದಂಡೆಯನ್ನು ಮೀರಿ ಕಬ್ಬಿನ ಹೊಲಗಳಿಗೆ ನುಗ್ಗಿದ ಕ್ಷಣದಿಂದ ಹೊಳೆಯ ಅಗಲ ಒಮ್ಮೆಲೇ ಹಿಗ್ಗುವುದು; ಎತ್ತರ ಒಂದು ಗೇಣು ಏರುವಷ್ಟರಲ್ಲಿ ಅಪಾರವಾದ ನೀರು ಸೇರಿಬಿಡುವುದು. ಲಾಗ್ ಕಾಗದದ ಮೇಲೆ ಅಲ್ಲಿ ಗೆರೆ ಮುರಿದು ಬೇರೆ ಏರಿನ ಇನ್ನೊಂದು ಗೆರೆ ಆರಂಭವಾಗುವುದು. ಹಳೆಯ ಗೆರೆಯನ್ನೇ ನಂಬಿದವನು ಬರುವ ನೀರನ್ನು ಕಡಿಮೆಯೆಂದು ಎಣಿಸಿ ಕೆಳಗಿನ ಊರುಗಳಿಗೆ ಕಡಿಮೆ ಎಚ್ಚರಿಕೆ ಕೊಡುವನು. ಒಂದು ಪೂರ ಹಾದುಹೋದ ಮೇಲೆ ಹೊಳೆಯ ತಳದ ಮರಳು ಕೊಚ್ಚಿಹೋಗಿ ಅಥವಾ ಹೂಳು ತುಂಬಿ ಮೊದಲಿನ ಗೆರೆಯೂ ಕೆಡುವುದರಿಂದ ಅಳತೆಯನ್ನು ಮತ್ತೆ ಮತ್ತೆ ಮಾಡುತ್ತಲೇ ಇರಬೇಕು. ಇದು ಖರ್ಚಿನ ಕೆಲಸವೆಂದು ಬಿಟ್ಟುಬಿಡುವುದು ಮಿತವ್ಯಯವಲ್ಲ.

ಲಾಗ್ ಕಾಗದವು ಕಣ್ಣಿಗೆ ಹಿತವಾಗಿ ಮೋಸ ಮಾಡುವುದೂ ಉಂಟು. ೨೦೧೧ರ ಜನಸಂಖ್ಯೆಯಲ್ಲಿ ಗೆರೆಯ ಮಾತಿಗೂ ಗಣತಿಗೂ ಇದ್ದ ಲಾಗಿನ ಅಂತರ ೦.೦೬೧೪. ಒಂದು ಏಕಕ್ಕೆ ಹತ್ತು ಸೆಂಟಿಮೀಟರ್ ಹಿಡಿದ ನಕ್ಷೆಯಲ್ಲಿ ಅದು ಆರೇ ಮಿಲಿಮೀಟರ್. ತೊಂಬತ್ತೆರಡು ಲಕ್ಷ ಜನರು ಅಷ್ಟರಲ್ಲಿ ಅಡಗಿದ್ದಾರೆ. ಲಾಗಿನಲ್ಲಿ ಸಮನಾದ ದೂರವೆಂದರೆ ಸಮನಾದ ಪ್ರಮಾಣ, ಸಮನಾದ ಮೊತ್ತವಲ್ಲ. ಸಣ್ಣ ಹರಿವಿನಲ್ಲಿ ನೂರಕ್ಕೆ ಹತ್ತು ತಪ್ಪಿದುದಕ್ಕೂ ಮಹಾಪೂರದಲ್ಲಿ ನೂರಕ್ಕೆ ಹತ್ತು ತಪ್ಪಿದುದಕ್ಕೂ ಅದು ಒಂದೇ ಬೆಲೆ ಕಟ್ಟುವುದು. ಸರಾಸರಿಯ ವಿಷಯವೂ ಹಾಗೆಯೇ. ೧೦, ೧೦೦೦ ಇವುಗಳ ಲಾಗುಗಳ ಸರಾಸರಿ ೨. ಅದರ ಆಂಟಿಲಾಗ್ ೧೦೦. ಸಾಮಾನ್ಯ ಸರಾಸರಿಯಾದರೋ ೫೦೫. ಯಾವುದು ಬೇಕೆಂಬುದನ್ನು ಲೆಕ್ಕ ಹಾಕುವವನೇ ನಿಶ್ಚಯಿಸಬೇಕು. ಸೊನ್ನೆಗೆ ಲಾಗೇ ಇಲ್ಲದುದರಿಂದ ಬತ್ತಿದ ಹಳ್ಳದ ದಿನಗಳನ್ನು ಈ ನಕ್ಷೆ ತೋರಿಸಲಾರದು. ಎರಡು ಬಿಂದುಗಳಿದ್ದರೆ ಯಾವಾಗಲೂ ನೇರಗೆರೆ ಬರುವುದರಿಂದ ಅದರಿಂದ ಏನೂ ಸಿದ್ಧವಾಗದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು ತಾವೇ ಮಾಡಿ ನೋಡಲು ಖರ್ಚಿಲ್ಲದ ಪ್ರಯೋಗವೊಂದಿದೆ. ವಿಶೇಷವಾದ ಲಾಗ್ ಕಾಗದ ಬೇಡ. ಚೌಕುಳಿ ಕಾಗದ, ಕೋಷ್ಟಕ, ಉಷ್ಣಮಾಪಕ ಇಷ್ಟಿದ್ದರೆ ಆಯಿತು. ಪಾತ್ರೆಯೊಂದರಲ್ಲಿ ಬಿಸಿನೀರನ್ನು ಹಾಕಿ ಗಾಳಿಯಾಡದ ಕೋಣೆಯಲ್ಲಿಟ್ಟು ಐದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಒಂದು ಗಂಟೆಯ ವರೆಗೆ ಬರೆದುಕೊಳ್ಳಬೇಕು. ಪ್ರತಿಯೊಂದು ಅಂಕಿಯಿಂದಲೂ ಕೋಣೆಯ ಉಷ್ಣತೆಯನ್ನು ಕಳೆದು ಉಳಿದುದರ ಲಾಗನ್ನು ಕಾಲಕ್ಕೆದುರಾಗಿ ಗುರುತಿಸಿದರೆ ಕೆಳಕ್ಕೆ ಇಳಿಯುವ ಗೆರೆಯೊಂದು ಬರುವುದು. ಇದು ಚಕ್ರಬಡ್ಡಿಯೇ, ಆದರೆ ಕರಗುವ ಚಕ್ರಬಡ್ಡಿ. ಅದರ ಏರು ಋಣಸಂಖ್ಯೆ. ಅದರಿಂದ ನೀರಿನ ಹೆಚ್ಚಿನ ಬಿಸಿ ಎಷ್ಟು ನಿಮಿಷಕ್ಕೊಮ್ಮೆ ಅರ್ಧವಾಗುವುದೆಂದು ತೆಗೆಯಬಹುದು. ಹೊಳೆಯ ಪಟ್ಟಿಯ ಸೊನ್ನೆಯಂತೆ ಇಲ್ಲಿಯೂ ಕೋಣೆಯ ಉಷ್ಣತೆಯನ್ನು ಕಳೆಯಲು ಮರೆತರೆ ಗೆರೆ ಬಾಗುವುದು. ಒಮ್ಮೆ ಪಾತ್ರೆಯ ಬಾಯಿ ತೆರೆದಿಟ್ಟು, ಇನ್ನೊಮ್ಮೆ ಮುಚ್ಚಳ ಹಾಕಿ ಮಾಡಿ, ಎರಡು ನಕ್ಷೆಗಳನ್ನೂ ಒಂದೇ ಕಾಗದದ ಮೇಲೆ ತೆಗೆಯಬೇಕು. ಬಾಯಿ ತೆರೆದ ಪಾತ್ರೆಯ ನೀರು ತುಂಬ ಬಿಸಿಯಾಗಿರುವಾಗ ಆವಿಯಾಗಿಯೂ ಉಷ್ಣವನ್ನು ಕಳೆದುಕೊಳ್ಳುವುದರಿಂದ ಆ ಗೆರೆಯ ಮೊದಲ ಭಾಗ ಉಳಿದ ಭಾಗಕ್ಕಿಂತ ಕಡಿದಾಗಿ ಇಳಿಯುವುದನ್ನು ನೋಡಬಹುದು.